ಬೋರೇಗೌಡ ಮೇಷ್ಟ್ರ ‘ಮಸ್ಟ್’

ಕಣ್ಣಾರೆ ಕಾಣದ ಯಾವುದಕ್ಕೂ ಬೋರೇಗೌಡ ಮೇಷ್ಟ್ರು ‘ಈಸ್’ ಹಾಕುತ್ತಿರಲಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳು. ಕಿಕ್ಕೇರಿಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಇಂಗ್ಲಿಷ್ ಹೇಳಿಕೊಡುತ್ತಿದ್ದೆವು. ಸ್ಟಾಫ್ ರೂಮಿನಲ್ಲಿ ಕೂತು ಹಾರ್ನ್ ಕೇಳಿದರೂ, ಎದ್ದು ಕಿಟಕಿಯಲ್ಲಿ ನೋಡುವವರೆಗೆ ಅದು ಅವರಿಗೆ ‘ಮಸ್ಟ್ ಬಿ ದ ಬಸ್’.

ಪಕ್ಕದ ಕ್ಲಾಸಿನಿಂದ ಅವರ ಪಾಠ ನನಗೂ ಕೇಳುತ್ತಿತ್ತು. ಒಂದು ದಿನ ಹಾಜರಿ ಕೂಗುತ್ತಾ ಕೇಳಿದರು:

“ನಿಂಗ ಎಲ್ಲವ್ನೆ?”

“ಹಿ ಈಸ್ ಅಟ್ ಹೋಮ್, ಸಾ.”

“ಕಂಡ್ಯೇನ್ಲಾ?”

“ಇಲ್ಲ ಸಾ. ನೆನ್ನೆ ಜರ ಬಂದಿತ್ತು.”

“ಅಂಗಾದ್ರೆ ಮಸ್ಟ್ ಬಿ ಅನ್ನು. ಮನಸ್ಸು ಗ್ಯಾರಂಟಿ ಕೊಟ್ರೆ ಮಸ್ಟು, ಕಣ್ಣು ಕಂಡ್ರೆ ಈಸು. ಕಾಣ್ದೆ ಈಸ್ ಅಂದ್ರೆ ಸುಳ್ಸಾಕ್ಷಿ ಕಣ್ಲಾ.”

ಹಿಂದಿನ ಬೆಂಚಿನ ತುಂಟನೊಬ್ಬ ಕೇಳಿದ: “ದೇವ್ರು ಈಸಾ ಮಸ್ಟಾ, ಸಾ?”

“ನೀನು ಪಾಸಾದ್ ದಿನ ಈಸ್ ಅಂತೀನಿ. ಕೂತ್ಕೊಳ್ಲಾ.”

ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ ‘ಮಸ್ಟ್’ ಬರೀ ಅಪ್ಪಣೆ. ಯೂ ಮಸ್ಟ್ ಬಿ ಸೈಲೆಂಟ್, ಅಷ್ಟೆ. ಆ ಪುಟ್ಟ ಪದದೊಳಗೆ ಇಷ್ಟು ನಂಬಿಕೆ ಹಿಡಿಸುತ್ತದೆಂದು ನಾನು ಎಣಿಸಿರಲಿಲ್ಲ.

ರಿಟೈರಾದ ಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಬಾಬುರಾಯನಕೊಪ್ಪಲಿನ ಮಗಳ ಮನೆ ಸೇರಿದರು. ನೋಡಲು ಹೋದಾಗ ಜಗಲಿಯ ಮೇಲಿದ್ದರು. ನನ್ನ ಚಪ್ಪಲಿ ಸದ್ದಿಗೆ ಮುಖವೆತ್ತಿ, “ದಿಸ್ ಮಸ್ಟ್ ಬಿ ಅವರ್ ಮಿಸ್” ಎಂದರು.

“ಹೌದು ಮೇಷ್ಟ್ರೆ, ನಾನೇ.”

“ಈಗೆಲ್ಲಾ ಮಸ್ಟೇ ಆಗೋಯ್ತು ಮಿಸ್. ಮೊಮ್ಮಗಳು ಉಟ್ಟವ್ಳೆ. ಥೇಟ್ ನನ್ನ ಎಂಡ್ತಿ ಮುಖವಂತೆ. ಶಿ ಮಸ್ಟ್ ಬಿ ಬ್ಯೂಟಿಫುಲ್.”

ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ನಾನು ಕೂಸನ್ನು ತಂದು ಅವರ ತೊಡೆಯ ಮೇಲೆ ಮಲಗಿಸಿದೆ. ಸೀಮೆಸುಣ್ಣ ಹಿಡಿದು ಒರಟಾದ ಬೆರಳುಗಳು ಹಣೆ, ಮೂಗು, ಗಲ್ಲದ ಮೇಲೆ ಮೆಲ್ಲಗೆ ಆಡಿದವು. ಬಹಳ ಹೊತ್ತಾದ ಮೇಲೆ ಒಂದೇ ಮಾತು ಬಂತು.

“ಈಸ್.”

ಅದೇ ನಮ್ಮ ಕಡೆಯ ಭೇಟಿ.

ಮರುವರ್ಷ ಮೈಸೂರಿನ ಬಸ್ಸು ಹತ್ತಿದ್ದೆ. ಕಂಡಕ್ಟರು ನಮ್ಮ ಹಳೇ ವಿದ್ಯಾರ್ಥಿ ನಿಂಗನೇ. ಟಿಕೆಟ್ ಹರಿಯುತ್ತಾ ತಗ್ಗಿದ ದನಿಯಲ್ಲಿ ಹೇಳಿದ: “ಮಿಸ್, ಮೇಷ್ಟ್ರು ಓಗ್ಬುಟ್ರಂತೆ.”

“ಕಂಡ್ಯೇನಪ್ಪಾ?”

“ಇಲ್ಲ ಮಿಸ್. ಜನ ಅಂದ್ರು.”

ಇಂಗ್ಲಿಷಿನಲ್ಲಿ ನಮ್ಮ ‘ಅಂತೆ’ಗೆ ಸರಿಸಾಟಿಯಾದ ಪದವಿಲ್ಲ. ಪಾಂಡವಪುರ ದಾಟಿದರೂ ಆ ‘ಅಂತೆ’ಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ.

ಬಾಬುರಾಯನಕೊಪ್ಪಲಿನಲ್ಲಿ ಇಳಿದೆ. ಅವರ ಮನೆ ಮುಂದೆ ಬೆಂಕಿ ಹಾಕಿದ್ದರು. ಹೊಗೆ ಬೀದಿಗೆಲ್ಲ ಹಬ್ಬಿತ್ತು. ಜಗಲಿಯ ಹತ್ತಿರ ನಿಂತು ಸ್ವಲ್ಪ ಹೊತ್ತು ನಾನು ತಲೆಯೆತ್ತಲೇ ಇಲ್ಲ. ನೋಡಿದರೆ ಅದು ‘ಈಸ್’ ಆಗಿಬಿಡುತ್ತಿತ್ತು.