ಟೆಂಪೊಗೆ ಕಟ್ಟಿದ ತೆಂಗಿನ ಗರಿ

ನಮ್ಮ ಮನೆಯವರೆಗೆ ರಸ್ತೆ ಬರದಿದ್ದ ಕಾಲವದು. ಹೆಮ್ಮಾಡಿಯ ಹೆದ್ದಾರಿಯಿಂದ ಒಳಕ್ಕೆ ಒಂದು ಮಣ್ಣುರಸ್ತೆ, ಅದು ಮುಗಿಯುವಲ್ಲಿ ಒಂದು ಗೋಳಿಮರ, ಅಲ್ಲಿಂದ ಮನೆಗೆ ಗದ್ದೆಯಂಚಿನ ಮೇಲೆ ಹತ್ತು ನಿಮಿಷದ ನಡಿಗೆ. ಹಾಗಾಗಿ ಅಪ್ಪಯ್ಯನ ಟೆಂಪೊ ನಮ್ಮ ಅಂಗಳ ಕಂಡದ್ದೇ ಇಲ್ಲ. ಗೋಳಿಮರದ ಬುಡವೇ ಅದರ ಕೊಟ್ಟಿಗೆ.

ಆ ಹಳೇ ಟೆಂಪೊವನ್ನು ನಾವು ಕಾದ ಚಂದ ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಒಂದು ಸಲ ಸ್ಟೆಪ್ನಿ ಕಳವಾಯಿತು. ಅಂದಿನಿಂದ ಹೊಸ ಸ್ಟೆಪ್ನಿಯನ್ನು ನಮ್ಮ ಜಗಲಿ ಕಂಬಕ್ಕೆ ಸರಪಳಿ ಹಾಕಿ ಬಿಗಿದದ್ದಾಯಿತು. ಜಾಕು ಅಕ್ಕಿ ಡಬ್ಬದ ಹಿಂದೆ, ಸ್ಪ್ಯಾನರುಗಳು ಅಮ್ಮನ ಮಂಚದಡಿ. ಪಕ್ಕದೂರಿನಲ್ಲಿ ಯಾರದೋ ಲಾರಿಯ ಬ್ಯಾಟರಿ ಹೋಯಿತೆಂಬ ಸುದ್ದಿ ಬಂದದ್ದೇ ತಡ, ಅಪ್ಪಯ್ಯ ದಿನಾ ಬ್ಯಾಟರಿಯನ್ನೂ ಬಿಚ್ಚಿ ಹೆಗಲಿಗೇರಿಸಿಕೊಂಡು ಗದ್ದೆಯಂಚಿನಲ್ಲಿ ತೂಗಾಡುತ್ತಾ ಮನೆಗೆ ತರತೊಡಗಿದರು. ಅಮ್ಮನಿಗೆ ಸಾಕುಬೇಕಾಗಿ ಹೋಗಿತ್ತು.

"ಇಂಜಿನ್ ಒಂದ್ ಎಂತಕ್ ಬಿಟ್ರಿ? ಅದನ್ನೂ ಬಿಚ್ಚಿ ಅಟ್ಟಕ್ ಹಾಕಿ. ಹಲಸಿನ್ ಹಪ್ಪಳದ ಒಟ್ಟಿಗ್ ಇರ್ಲಿ" ಅನ್ನುತ್ತಿದ್ದರು.

ಎಲ್ಲವನ್ನೂ ಮನೆಗೆ ಹೊರಬಹುದು, ಡೀಸೆಲನ್ನು ಹೊರಲಾದೀತೇ? ಕಳ್ಳ ಕೈಹಾಕಿದ್ದು ಅದಕ್ಕೇ.

ನನಗಾಗ ಒಂಬತ್ತು ವರ್ಷ. ಸೇವಂತಿಗೆಯ ಸಮಯ. ಮಕರ ಸಂಕ್ರಾಂತಿ ಹತ್ತಿರ ಬಂದರೆ ನಮ್ಮೂರ ಗದ್ದೆಗಳೆಲ್ಲ ಹಳದಿ; ಗಾಳಿಗೂ ಸೇವಂತಿಗೆಯದೇ ಕಹಿಗಂಪು. ಆ ಹೂವಿಗೆ ಕುಂದಾಪುರ, ಬ್ರಹ್ಮಾವರದ ಕಡೆಯೆಲ್ಲ ಭಾರೀ ಬೇಡಿಕೆ. ಅಪ್ಪಯ್ಯ ಬೆಳಕು ಹರಿಯುವ ಮುಂಚೆ ಹತ್ತಿಪ್ಪತ್ತು ಮನೆಗಳ ಬುಟ್ಟಿ ತುಂಬಿಕೊಂಡು ಹೋಗಿ, ಹತ್ತು ಗಂಟೆಗೆ ವಾಪಸು ಬಂದು, ಗಂಜಿ ಉಂಡು ಮಲಗಿದರೆ ಏಳುವುದು ಸಂಜೆಗೆ. ಅಷ್ಟರವರೆಗೆ ಟೆಂಪೊ ಕಾಯುವವರು ನಾವು. ಮಧ್ಯಾಹ್ನ ಅಜ್ಜಿ ಮರದ ಬುಡದಲ್ಲಿ ಕೂತು ತೆಂಗಿನ ಗರಿ ಸೀಳಿ ಕಸ ಗುಡಿಸುವ ಹಿಡಿಸೂಡಿ ಕಟ್ಟುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನನ್ನ ಪಾಳಿ. ಡ್ರೈವರ್ ಸೀಟಿನಲ್ಲಿ ಕಾಲು ಮಡಚಿ ಕೂತು ಮಗ್ಗಿ ಬರೆಯುವುದೆಂದರೆ ನನಗೆ ಮಹಾ ಗತ್ತು.

ಟೆಂಪೊದ ಡೀಸೆಲ್ ಮುಳ್ಳು ಕೆಟ್ಟು ವರ್ಷಗಳಾಗಿದ್ದವು. ಡೀಸೆಲ್ ಎಷ್ಟಿದೆಯೆಂದು ನೋಡಲು ಅಪ್ಪಯ್ಯ ಟ್ಯಾಂಕಿಗೆ ಒಂದು ಬಿದಿರಿನ ಕಡ್ಡಿ ಇಳಿಸುತ್ತಿದ್ದರು. ಆ ಕಡ್ಡಿ ಎರಡು ದಿನಕ್ಕೊಮ್ಮೆ ಬೆರಳಷ್ಟು ಕಡಿಮೆ ತೋರಿಸತೊಡಗಿತು. ಮುಚ್ಚಳಕ್ಕೆ ಬೀಗ ಹಾಕಿದರು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ಡೀಸೆಲ್ ಮಾತ್ರ ಇಳಿಯುತ್ತಲೇ ಹೋಯಿತು. ದಿನಾ ನನ್ನನ್ನು ಕೇಳುತ್ತಿದ್ದರು.

"ಯಾರಾರೂ ಬಂದಿದ್ರಾ ಹೆಣ್ಣೇ?"

"ಯಾರೂ ಬರ್ಲಿಲ್ಲೆ ಅಪ್ಪಯ್ಯ."

ಸುಳ್ಳು ಹೇಳಿದ್ದಲ್ಲ. ಶೀನಣ್ಣ ಬರುತ್ತಿದ್ದ, ನಿಜ. ಆದರೆ ಶೀನಣ್ಣ 'ಯಾರೋ' ಅಲ್ಲವಲ್ಲ! ನಮ್ಮ ಪಕ್ಕದ ಗದ್ದೆಯವನು. ಬೊಂಬಾಯಿಯ ಹೋಟೆಲಿನಲ್ಲಿ ಎಂಟು ವರ್ಷ ದುಡಿದು, ವಾಪಸು ಬಂದು ಸೇವಂತಿಗೆ ಹಾಕಿದವನು. ಡಬಲ್ ಡೆಕ್ಕರ್ ಬಸ್ಸಿನ ಕತೆ ಹೇಳಿ ಹೇಳಿ ನನ್ನನ್ನು ಮರುಳು ಮಾಡಿದವನು. ಸಂಜೆ ಪಂಚೆಯ ಮಡಿಲಲ್ಲಿ ನೆಲ್ಲಿಕಾಯಿ ಕಟ್ಟಿಕೊಂಡು ಬರುವನು.

"ಅರೆ ಬಾಪ್ರೇ, ಡ್ರೈವರಮ್ಮ ಕೂಕಂಡಿರ್! ನೆಲ್ಲಿಕಾಯಿ ಬೇಕಾ? ಓಡಿ ಹೋಯಿ ಉಪ್ಪು ಮೆಣಸ್ ತಕಂಡ್ ಬಾ ಕಾಂಬ. ನಾನ್ ಇಲ್ಲೇ ಕೂಕಂತೆ, ಗಾಡಿ ಕಾಂತೆ."

ನಾನು ಗದ್ದೆಯಂಚಿನ ಮೇಲೆ ಓಡುತ್ತಿದ್ದೆ. ಅಮ್ಮ ಉಪ್ಪಿನ ಜೊತೆ ಸುಟ್ಟ ಮೆಣಸು ನುರಿದು ಬಾಳೆ ಎಲೆಯಲ್ಲಿ ಕಟ್ಟಿ ಕೊಡುವರು. ವಾಪಸು ಬಂದು ಇಬ್ಬರೂ ಕೂತು, ಹಲ್ಲು ಚುಳ್ಳೆನ್ನುವವರೆಗೆ ತಿನ್ನುವುದು. ಆಮೇಲೆ ನೀರು ಕುಡಿದು, "ಸಿಹಿ, ಸಿಹಿ" ಎಂದು ನಾಲಿಗೆ ಚಪ್ಪರಿಸುವುದು. ಅಂಥ ಸಂಜೆಗಳು.

ಸಂಕ್ರಾಂತಿಯ ಮುನ್ನಾದಿನ ಸಂಜೆ ಅಪ್ಪಯ್ಯ ಎರಡನೇ ಟ್ರಿಪ್ಪಿಗೆ ಹೊರಟರು. ಟೆಂಪೊದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೂವು. ಊರವರ ವರ್ಷದ ದುಡಿಮೆಯೆಲ್ಲ ಅದರಲ್ಲಿತ್ತು. ಗಡಿಬಿಡಿಯಲ್ಲಿ ಕಡ್ಡಿ ಇಳಿಸದೆ ನನ್ನನ್ನೇ ಕೇಳಿದರು. ನಾನು ಎಂದಿನಂತೆ "ಯಾರೂ ಬರ್ಲಿಲ್ಲೆ" ಅಂದೆ. ನಂಬಿ ಹೊರಟುಬಿಟ್ಟರು.

ಬ್ರಹ್ಮಾವರ ಇನ್ನೂ ಮೂರು ಮೈಲಿ ಇರುವಾಗ ಟೆಂಪೊ ನಿಂತಿತು. ಟ್ಯಾಂಕು ಖಾಲಿ. ಕ್ಯಾನಿನಲ್ಲಿ ಡೀಸೆಲ್ ತಂದು ಹಾಕಿದರೂ ಪೈಪಿನಲ್ಲಿ ಗಾಳಿ ಹಿಡಿದು ಇಂಜಿನ್ ಏಳಲಿಲ್ಲ. ಮೆಕ್ಯಾನಿಕ್ ಸಿಕ್ಕಿ ರಿಪೇರಿಯಾಗುವಷ್ಟರಲ್ಲಿ ಟಾರ್ಪಾಲಿನಡಿ ಹೂವೆಲ್ಲ ಬೆಂದು ಬಾಡಿತ್ತು, ವ್ಯಾಪಾರಿಗಳು ಬೇರೆ ಕಡೆಯ ಹೂವು ಹಿಡಿದು ಹೋಗಿಯಾಗಿತ್ತು. ಮರುದಿನ ಅಪ್ಪಯ್ಯ ಒಬ್ಬೊಬ್ಬರ ಮನೆಗೂ ಹೋಗಿ ಖಾಲಿ ಬುಟ್ಟಿ ಕೊಟ್ಟು, ತಲೆ ಬಗ್ಗಿಸಿ ನಿಂತು ಬಂದರು. "ಮುಂದಿನ್ ಸಲ ಬೇರೆ ಗಾಡಿ ಕಾಂತೊ" ಎಂದು ಒಂದಿಬ್ಬರು ಮುಖದ ಮೇಲೇ ಹೇಳಿದರಂತೆ. ಮನೆಗೆ ಬಂದವರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಆಗ ಎದ್ದವಳು ಅಜ್ಜಿ. ನಮ್ಮ ಕಡೆ ಹಲಸಿನ ಮರಕ್ಕೋ ಗೇರು ಹಕ್ಕಲಿಗೋ ಕಳ್ಳರ ಕಾಟವಾದರೆ, ಎಳೆ ತೆಂಗಿನ ಗರಿಯನ್ನು ಗಂಟು ಹಾಕಿ, ಮನೆಯ ದೈವದ ಹೆಸರು ಹೇಳಿ ಕಟ್ಟುತ್ತಿದ್ದರು. ಆಮೇಲೆ ಆ ಮರದ ಹಣ್ಣು ಉದುರಿ ಕೊಳೆತರೂ ಯಾರೂ ಮುಟ್ಟುವುದಿಲ್ಲ. ಮುಟ್ಟಿದವನು ತಾನಾಗಿ ಬಂದು ದೈವದ ಕಲ್ಲಿನ ಮುಂದೆ ತೆಂಗಿನಕಾಯಿ ಇಟ್ಟು, ಗಂಟು ಬಿಚ್ಚಬೇಕು. ಮರಕ್ಕೆ ಕಟ್ಟುವುದು ಸರಿ, ಡೀಸೆಲ್ ಟ್ಯಾಂಕಿಗೆ ಕಟ್ಟಿದವಳು ಮಾತ್ರ ನಮ್ಮ ಅಜ್ಜಿಯೊಬ್ಬಳೇ ಇರಬೇಕು.

ಮರದ ಬುಡದಲ್ಲಿ ನಿಂತು, ಹಾದಿಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ ನಮ್ಮ ಮನೆಯ ದೈವವನ್ನು ಕರೆದು ಅಂದಳು: "ಹಾಯ್ಗುಳಿ, ನೀನೇ ಕಾಣ್. ತೆಗ್ದವ ಎಂಟ್ ದಿನದೊಳಗ್ ಬಂದ್ ಕಾಯಿ ಇಡ್ಕ್. ಇಲ್ದಿರೆ ರಕ್ತ ಕಾರ್ಲಿ!"

ಅಪ್ಪಯ್ಯನಿಗೆ ನಾಚಿಕೆ. "ಎಂತ ಅಬ್ಬಿ ಇದ್, ಊರವ್ರ್ ನೆಗಾಡ್ತ್ರ್" ಅಂದರು ತಾಯಿಗೆ. ಆದರೆ ಯಾರೂ ನಗಲಿಲ್ಲ. ಪೆಟ್ರೋಲ್ ಬಂಕಿನವನು ಗರಿ ಕಂಡದ್ದೇ ಪೈಪನ್ನು ಅಪ್ಪಯ್ಯನ ಕೈಗೆ ಕೊಟ್ಟು ಮಾರುದೂರ ನಿಂತನಂತೆ. "ಹ್ವಾಯ್, ನೀವೇ ಹಾಕಣಿ. ನಂಗ್ ಹೆಂಡ್ತಿ ಮಕ್ಳ್ ಇದ್ರ್."

ಶೀನಣ್ಣನ ಬರವು ನಿಂತಿತು. ಮೂರನೇ ದಿನ ಅಮ್ಮ ಮಾತಿನ ನಡುವೆ ಅಂದರು, ಅವನಿಗೆ ಜ್ವರವಂತೆ, ತಿಂದದ್ದೆಲ್ಲ ಕಾರುತ್ತಿದ್ದಾನಂತೆ. ನಾನು ಪಾಟಿಚೀಲದಲ್ಲಿ ಪೆನ್ಸಿಲು ಹುಡುಕುತ್ತಿದ್ದೆ. ತಳದಲ್ಲಿ ಅವನು ಕೊಟ್ಟ ಎರಡು ನೆಲ್ಲಿಕಾಯಿ ಉಳಿದಿದ್ದವು. ಮೂಸಿದೆ. ಡೀಸೆಲ್ ವಾಸನೆ.

ಒಮ್ಮೆಲೇ ಎಲ್ಲ ಹೊಳೆಯಿತು. ಉಪ್ಪು, ಓಟ, ಗದ್ದೆಯಂಚು, ಎಲ್ಲ. ಸಿಟ್ಟು ಬಂದಿರಬೇಕಿತ್ತು. ಬಂದದ್ದು ಹೆದರಿಕೆ. ಶೀನಣ್ಣ ಕಾರುತ್ತಿದ್ದಾನೆ, ಇವತ್ತು ಗಂಜಿ, ನಾಳೆ ರಕ್ತ! ಅಪ್ಪಯ್ಯನಿಗೆ ಹೇಳಿದರೆ ಊರೆಲ್ಲ ಅವನನ್ನು ಕಳ್ಳ ಅನ್ನುತ್ತದೆ, ಹೇಳದಿದ್ದರೆ ಸಾಯುತ್ತಾನೆ. ನನಗೆ ಒಂದೇ ದಾರಿ ತೋಚಿತು. ಟೆಂಪೊ ಹತ್ತಿರ ಓಡಿ, ಕಣ್ಣುಮುಚ್ಚಿ, ಗಂಟನ್ನು ನಾನೇ ಬಿಚ್ಚಿಬಿಟ್ಟೆ.

ಬಿಚ್ಚಿದ ಗರಿ ಹಿಡಿದು ಅಜ್ಜಿಯ ಮುಂದೆ ಹೋಗಿ ನಿಂತೆ.

"ಅಜ್ಜಿ, ನಾನ್ ಬಿಚ್ದೆ. ಇನ್ನ್ ಶೀನಣ್ಣ ಸಾಯುದಿಲ್ಲೆ ಅಲ್ದಾ? ರಕ್ತ ಕಾರೂದ್ ನಾನೇ ಅಲ್ದಾ?"

ಅಜ್ಜಿಯ ಕೈಯಿಂದ ಹಿಡಿಸೂಡಿ ಬಿತ್ತು. ನನ್ನನ್ನು ಎಳೆದು ಮಡಿಲಿಗೆ ಹಾಕಿಕೊಂಡು ಅವಳೂ ಅತ್ತಳು. ಅಜ್ಜಿ ಅತ್ತದ್ದು ನಾನು ಅದುವರೆಗೆ ಕಂಡಿರಲಿಲ್ಲ.

"ನಿಂಗ್ ಎಂತ ಆತ್ತಿಲ್ಲೆ ಮಗಾ. ದೈವಕ್ಕೆ ಮಕ್ಳ್ ಯಾರ್, ಕಳ್ಳ ಯಾರ್ ಅಂದೇಳಿ ಗೊತ್ತಿತ್ತ್" ಅಂದಳು. ನನ್ನ ಕಣ್ಣೊರೆಸಿ, "ರಕ್ತ ಗಿಕ್ತ ಅಂದೇಳಿ ನಾನ್ ಹೇಳೂಕಾಗ್ದಿತ್ತ್. ಸಿಟ್ಟಲ್ ಬಾಯಿಗ್ ಬಂತ್" ಅಂದಳು.

ಗರಿಯನ್ನು ಮತ್ತೆ ಅದೇ ಜಾಗಕ್ಕೆ ಕಟ್ಟಿದಳು. ಆಮೇಲೆ ಒಂದು ಪಾತ್ರೆಯಲ್ಲಿ ತಿಳಿಗಂಜಿ, ಮಿಡಿ ಉಪ್ಪಿನಕಾಯಿ ಹಿಡಿದು, ನನ್ನ ಕೈ ಹಿಡಿದು ಶೀನಣ್ಣನ ಮನೆಗೆ ಹೋದಳು. ಅವನು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಜ್ಜಿ ಗಂಜಿ ಇಟ್ಟು, "ಶೀನ, ಉಣ್. ನಾಳೆ ಹಗೂರ ಆರೆ ಒಂದ್ ತೆಂಗಿನ್ಕಾಯಿ ಹಿಡ್ಕಂಡ್ ಬಾ. ಜ್ವರ ಬಿಡತ್ತ್" ಅಂದಳು. ಅಷ್ಟೇ. ಶೀನಣ್ಣ ಮೊದಲು ನನ್ನ ಮುಖ ನೋಡಿದ. ಆಮೇಲೆ ಮಕ್ಕಳ ಹಾಗೆ ಅತ್ತುಬಿಟ್ಟ.

"ಪಂಪಿಗ್ ಡೀಸೆಲ್ ಇರ್ಲಿಲ್ಲೆ ಅಮ್ಮ, ಹೂವಿನ್ ಗಿಡ ಒಣ್ಗತಿತ್ತ್. ಟ್ಯಾಂಕಿನ್ ಅಡಿ ನಟ್ ಸಡ್ಲ ಮಾಡಿ ಬಾಟ್ಲಿ ತುಂಬ್ಸ್ತಿದ್ದೆ. ಆ ದಿನ ಹೆಣ್ಣ್ ಬಪ್ಪುದ್ ಕಂಡ್ ನಟ್ ಸಮ ಬಿಗಿ ಮಾಡ್ಲಿಲ್ಲೆ. ದಾರಿಯಿಡೀ ಸೋರಿ ಹೋಯ್ತ್. ನನ್ ಹೂಗೂ ಅದ್ರಲ್ಲೇ ಇದ್ದಿತ್ತ್."

ಮರುದಿನ ಸಂಜೆ ಅವನು ಬಂದ. ಕೃಶನಾಗಿದ್ದ, ಸ್ನಾನ ಮಾಡಿದ್ದ. ದೈವದ ಕಲ್ಲಿನ ಮುಂದೆ ಕಾಯಿ ಇಟ್ಟು, ಅಡ್ಡಬಿದ್ದು, ಟ್ಯಾಂಕಿನ ಗರಿ ಬಿಚ್ಚಿದ. ಅಪ್ಪಯ್ಯ ಮರದ ಬುಡದಲ್ಲೇ ನಿಂತಿದ್ದರು. ಬೀಡಿಯನ್ನು ಪೂರ್ತಿ ಸೇದಿ ಎಸೆದು ಕೇಳಿದರು:

"ಶೀನ, ನಾಳೆ ನಿಂದ್ ಎಷ್ಟ್ ಬುಟ್ಟಿ?"

"ಎರಡ್" ಅಂದ ಶೀನಣ್ಣ.

ಅದಾಗಿ ನಾಲ್ಕು ದಿನಕ್ಕೆ ಶೀನಣ್ಣ ಮತ್ತೆ ನೆಲ್ಲಿಕಾಯಿ ಹಿಡಿದು ಬಂದ. ಈ ಸಲ ಉಪ್ಪು ಮೆಣಸನ್ನು ಮನೆಯಿಂದಲೇ ಕಟ್ಟಿ ತಂದಿದ್ದ. ನಾನು ಮದುವೆಯಾಗಿ ಹೊರಡುವ ದಿನ ಮನೆಗೆ ಬೇಕಾದ ಹೂವೆಲ್ಲ ಅವನೇ ತಂದುಕೊಟ್ಟ, ಒಂದು ಪೈಸೆ ಮುಟ್ಟಲಿಲ್ಲ. ಊರಿನಲ್ಲಿ ಯಾರಿಗೆ ಗೊತ್ತಿತ್ತು, ಯಾರಿಗಿರಲಿಲ್ಲ, ನನಗಿಂದಿಗೂ ತಿಳಿಯದು. ಕಳ್ಳ ಎಂಬ ಮಾತನ್ನಂತೂ ಅವನ ಬೆನ್ನ ಹಿಂದೆಯೂ ಕೇಳಲಿಲ್ಲ.

ಈಗ ನಾನು ಬ್ರಹ್ಮಾವರದಲ್ಲಿ ಫ್ಲ್ಯಾಟಿನಲ್ಲಿದ್ದೇನೆ. ಕೆಳಗೆ ನಿಲ್ಲಿಸುವ ಗಾಡಿಗಳಿಗೆ ನಾಲ್ಕು ದಿಕ್ಕಿನಿಂದ ಕ್ಯಾಮೆರಾ ಇದೆ, ನನ್ನ ಕಾರನ್ನು ಯಾರಾದರೂ ಮುಟ್ಟಿದರೆ ಅದೇ ಬೊಬ್ಬೆ ಹೊಡೆಯುತ್ತದೆ. ಹೋದ ವರ್ಷ ಸ್ಕೂಟರುಗಳ ಪೆಟ್ರೋಲ್ ಕಳವಾಗತೊಡಗಿತು. ಎರಡೇ ದಿನದಲ್ಲಿ ಕ್ಯಾಮೆರಾದಲ್ಲಿ ಮುಖ ಸಿಕ್ಕಿತು. ಗ್ಯಾಸ್ ಸಿಲಿಂಡರ್ ತರುವ ಹುಡುಗ. ಒಂದು ಗಂಟೆಯೊಳಗೆ ಆ ಮುಖ ಊರಿನ ಎಲ್ಲ ಫೋನುಗಳಲ್ಲಿತ್ತು. ನನಗೆ ಬಂದದ್ದನ್ನು ನಾನೂ ಮೂರು ಗ್ರೂಪುಗಳಿಗೆ ಕಳಿಸಿದೆ, ಯೋಚನೆಯನ್ನೇ ಮಾಡದೆ. ಕೆಲಸ ಹೋಯಿತು. ಹುಡುಗ ಊರು ಬಿಟ್ಟನಂತೆ, ಎಲ್ಲಿಗೆಂದು ಯಾರೂ ಕೇಳಲಿಲ್ಲ. ಪೆಟ್ರೋಲ್ ಕಳವೇನೋ ನಿಂತಿತು.

ಎರಡು ವರ್ಷ ಅವನು ಮೂರು ಮಾಳಿಗೆ ಹತ್ತಿ ನನ್ನ ಅಡುಗೆಮನೆಯವರೆಗೆ ಸಿಲಿಂಡರ್ ಹೊತ್ತು ತಂದಿದ್ದ, ಬೆವರು ಒರೆಸಿಕೊಂಡು ನೀರು ಕೇಳಿ ಕುಡಿದು ಹೋಗಿದ್ದ. ಅವನ ಹೆಸರು ಸುರೇಶ ಎಂದು ನನಗೆ ತಿಳಿದದ್ದು, ಆ ಫೋಟೋದ ಕೆಳಗೆ ಯಾರೋ ಬರೆದದ್ದನ್ನು ಓದಿದಾಗ.