ಏರಿಯಲ್ ಹಿಡಿದ ಕೈ

ಮಸ್ಕಿ ಬಸ್ ನಿಲ್ದಾಣದ ಮಿರ್ಚಿ ಭಜಿ ಅಂಗಡಿಯಲ್ಲಿ ಒಂದು ಹಳೆಯ ರೇಡಿಯೊ ಇದೆ. ತನಗೆ ಒಗ್ಗುವ ಕೈ ಏರಿಯಲ್ ಮುಟ್ಟಿದರೆ ಮಾತ್ರ ಅದು ಮಾತಾಡುತ್ತದೆ, ಬಿಟ್ಟರೆ ಬರೀ ಗೊರಗೊರ. ಅಂಗಡಿಯ ಈರಮ್ಮನ ಮಗಳು ಇವತ್ತು ಅದರಲ್ಲಿ ಹಾಡುವವಳಿದ್ದಳು. ಗಿರಾಕಿಗಳೆಲ್ಲ ಏರಿಯಲ್ ಮುಟ್ಟಿ ನೋಡಿದರು. ತಾಯಿ ಮುಟ್ಟಿದಾಗಲೂ ಗೊರಗೊರವೇ. ಚಹಾ ಕುಡಿಯುತ್ತಿದ್ದ ನಾನು ಸುಮ್ಮನೆ ಹಿಡಿದೆ. ಹುಡುಗಿಯ ದನಿ ತಿಳಿಯಾಗಿ ಬಂತು!

ಅಷ್ಟರಲ್ಲಿ ನನ್ನ ಸಿಂಧನೂರು ಬಸ್ಸಿನ ಹಾರ್ನ್ ಕೇಳಿಸಿತು.

“ಕೈ ಬಿಡಬ್ಯಾಡ್ರಿ ಸರ್, ನಿಮ್ಮ ಕಾಲಿಗಿ ಬೀಳ್ತೀನಿ,” ಎಂದಳು ಈರಮ್ಮ.

ನನ್ನನ್ನು ಕರೆಯಲು ಬಂದ ಕಂಡಕ್ಟರ್ ಒಂದು ಕ್ಷಣ ಕೇಳಿ ಅಲ್ಲೇ ಕೂತ. “ಬಸ್ ಎಲ್ಲಿ ಹೊಕ್ಕೈತ್ರಿ, ಹಾಡು ಮುಗೀಲಿ.”

ಮುಗಿದ ಮೇಲೆ ಈರಮ್ಮ ಹಿಟ್ಟು ಮೆತ್ತಿದ ಕೈಗಳಿಂದಲೇ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಸಿಂಧನೂರು ಬಂದರೂ ಬೆರಳಲ್ಲಿ ಕಡಲೆಹಿಟ್ಟು ಇತ್ತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.