ಹೀರೋನ ತಾಯಿಯೂ ಚವಳಿಕಾಯಿಯೂ

೧೯೮೪ನೇ ಇಸವಿ. ನನಗಾಗ ನಲವತ್ತೊಂದು ವರ್ಷ. ಡೊಂಬಿವಲಿಯ ನಮ್ಮ ಕನ್ನಡ ಸಂಘದ ನಾಟಕಗಳಲ್ಲಿ ಯಾವಾಗಲೂ ನಾನೇ ನಾಯಕಿ. ಆ ವರ್ಷ ಮಾತ್ರ ಕಾರ್ಯದರ್ಶಿಗಳು, "ಅಕ್ಕಾರ, ಇನ್ನ ನೀವು ತಾಯಿ ಪಾರ್ಟ್ ಮಾಡ್ರಿ. ಎರಡ ಮಾತ ಅದಾವು, ಉಳಿದದ್ದು ಬರೇ ಅಳೂದು" ಅಂದರು. ಇನ್ನು ಬಣ್ಣವನ್ನೇ ಹಚ್ಚುವುದಿಲ್ಲ ಎಂದು ಸಿಟ್ಟಿನಿಂದ ಎದ್ದು ಬಂದೆ. ಮನೆಗೆ ಬಂದು ಅತ್ತದ್ದು ಯಾರಿಗೂ ಗೊತ್ತಿಲ್ಲ.

ತಿಂಗಳ ಮೇಲೆ ಒಂದು ರವಿವಾರ ಪಕ್ಕದ ಸ್ಟೇಷನ್ ಠಾಕುರ್ಲಿಯ ಗೆಳತಿಯ ಮನೆಗೆ ಹೋಗಿದ್ದೆ. ಚವಳಿಕಾಯಿ, ಅಂದರೆ ಗೋರಿಕಾಯಿ, ಕೊಂಡು ಸ್ಟೇಷನ್ನಿಗೆ ಬಂದರೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಹಿಂದಿ ಸಿನಿಮಾದ ಶೂಟಿಂಗ್. ತಾಯಿ ಪಾತ್ರದಾಕೆ ಬಂದಿರಲಿಲ್ಲವಂತೆ. ಅಸಿಸ್ಟೆಂಟ್ ನನ್ನ ಹತ್ತಿರ ಬಂದು, "ಮೌಸಿ, ಹೀರೋ ಕೀ ಮಾ ಬನೋಗೀ? ಬಸ್, ರೋನಾ ಹೈ" ಅಂದ. ಇಲ್ಲೂ ಅಳುವುದೇ! ಆದರೂ ಬಣ್ಣದ ಹುಚ್ಚು ಬಿಡಬೇಕಲ್ಲ, ಹೂಂ ಅಂದೆ.

ನನ್ನ ಕರೀ ಕೂದಲಿಗೆ ಬಿಳಿ ಪೌಡರ್ ಬಳಿದರು. ಪಕ್ಕದಲ್ಲೇ ನನ್ನ 'ಮಗ' ತನ್ನ ಬಿಳಿ ಕೂದಲಿಗೆ ಕಪ್ಪು ಹಚ್ಚಿಸಿಕೊಳ್ಳುತ್ತಿದ್ದ. ನನಗಿಂತ ನಾಲ್ಕೈದು ವರ್ಷವಾದರೂ ದೊಡ್ಡವನಿದ್ದಾನು. ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ.

ಮನೆ ಬಿಟ್ಟು ಹೋದ ಮಗ ಹತ್ತು ವರ್ಷದ ನಂತರ ಬರುವವನಿದ್ದಾನೆ, ತಾಯಿ ಬೆಂಚಿನ ಮೇಲೆ ಅಳುತ್ತ ಕಾಯಬೇಕು. ಎರಡು ಸಲ ತೆಗೆದರೂ ನನಗೆ ಕಣ್ಣೀರು ಬರಲಿಲ್ಲ. "ದೂಸ್ರೀ ಬುಢಿಯಾ ಲಾವ್," ಬೇರೆ ಮುದುಕಿಯನ್ನು ತನ್ನಿ, ಎಂದ ಅಸಿಸ್ಟೆಂಟ್. ಇಲ್ಲಿಂದಲೂ ಎಬ್ಬಿಸಿದರೆ ನನ್ನ ನಟನೆಯ ಕಥೆ ಮುಗಿದಂತೆಯೇ. ಇನ್ನೊಂದೇ ಸಲ ಎಂದು ಬೇಡಿಕೊಂಡೆ.

ಕ್ಯಾಮೆರಾ ಶುರುವಾಯಿತು. ಏನು ಮಾಡಬೇಕೆಂದು ತೋಚದೆ ಕೈ ಚೀಲಕ್ಕೆ ಹೋಯಿತು. ಆಫೀಸಿನಿಂದ ಬರುವಾಗ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಮಾಡುವಂತೆ, ಚವಳಿಕಾಯಿಯನ್ನು ಮಡಿಲಿಗೆ ಸುರಿದುಕೊಂಡು ಸೋಸತೊಡಗಿದೆ. ಒಮ್ಮೆ ಹಳಿಯ ಕಡೆ ನೋಡುವುದು, ಮತ್ತೆ ನಾರು ತೆಗೆಯುವುದು.

"ಅರೇ, ಯೇ ಕ್ಯಾ!" ಎಂದು ಅಸಿಸ್ಟೆಂಟ್ ಕೂಗಿದ.

"ಮಗ ಹಸಿದು ಬರ್ತಾನ್ರೀ ಸಾಹೇಬ್ರ! ನಾ ಅಳಕೋತ ಕೂತ್ರ ಅಡಿಗಿ ಯಾರು ಮಾಡಬೇಕು?" ಗಡಬಡಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟೆ. ಆಮೇಲೆ ಅದನ್ನೇ ಹಿಂದಿಯಲ್ಲಿ ಹೇಳಿದೆ.

ಡೈರೆಕ್ಟರು, ನನಗೆ ಕಣ್ಣೀರು ಬರಿಸಲೆಂದು ಅಷ್ಟರಲ್ಲಿ ತರಿಸಿದ್ದ ಗ್ಲಿಸರಿನ್ ಬಾಟಲಿಯನ್ನು ಒಳಗಿಡಿಸಿ, "ಹೀಗೇ ಮಾಡಿ ಅಮ್ಮಾ" ಎಂದರು.

ಮುಂದೆ ಕಲ್ಯಾಣದ ಟಾಕೀಸಿನಲ್ಲಿ ಆ ಸಿನಿಮಾ ನೋಡಿದೆ. ನಾನು ಇದ್ದದ್ದು ಅರ್ಧ ನಿಮಿಷ. ಪಕ್ಕದ ಸೀಟಿನ ಅಜ್ಜಿಗೆ ನನ್ನ ಗುರುತು ಸಿಗಲಿಲ್ಲ. ಪರದೆ ನೋಡುತ್ತ ತನ್ನ ಮಗಳಿಗೆ, "ಅಗದೀ ಮಾಝ್ಯಾಸಾರಖೀ," ಥೇಟ್ ನನ್ನ ಹಾಗೆ, ಎಂದಳು. ಅಂದು ಬಾರದ ಕಣ್ಣೀರು ಆಗ ಬಂತು.

ಮರುವರ್ಷ ಸಂಘಕ್ಕೆ ನಾನೇ ಹೋಗಿ, "ತಾಯಿ ಪಾರ್ಟ್ ಕೊಡ್ರಿ. ಆದ್ರ ಆಕಿ ಏನು ಮಾಡ್ತಾಳ, ಅದನ್ನ ನಾ ಹೇಳ್ತೀನಿ" ಎಂದೆ. ಈಗ ನಿಜವಾಗಿಯೂ ನನ್ನ ಕೂದಲು ಬೆಳ್ಳಗಾಗಿದೆ. ಪರದೆಯ ಮೇಲೆ ಸುಮ್ಮನೆ ಅಳುತ್ತ ಕೂತ ತಾಯಿಯನ್ನು ಕಂಡರೆ, ಎದ್ದು ಹೋಗಿ ಅವಳ ಮಡಿಲಿಗೆ ಒಂದಿಷ್ಟು ಚವಳಿಕಾಯಿ ಸುರಿಯಬೇಕು ಅನ್ನಿಸುತ್ತದೆ.